22 ತಿಂಗಳ ಮಗನಿಗೆ ಇನ್ನೂ ಮಾತಿಲ್ಲ: ಕಾಯಬೇಕಾ, ತೋರಿಸಬೇಕಾ?

ಪ್ರಶ್ನೆ: ನನ್ನ ಮಗನಿಗೆ ಈಗ 22 ತಿಂಗಳು. 11ನೇ ತಿಂಗಳಿಗೇ ನಡೆದ. ಓಟ, ಆಟ, ನಿದ್ದೆ ಎಲ್ಲ ಚೆನ್ನಾಗಿದೆ. ಆದರೆ ಮಾತಿಲ್ಲ. 'ಅಮ್ಮ', 'ಅಜ್ಜಿ', 'ಟಾಟಾ', ನಾಯಿ ಕಂಡರೆ 'ಬೌ ಬೌ', ಅಷ್ಟೇ. ನೀರು ಬೇಕಾದರೆ ನನ್ನ ಕೈ ಹಿಡಿದು ಫಿಲ್ಟರ್ ಹತ್ತಿರ ಎಳೆದುಕೊಂಡು ಹೋಗುತ್ತಾನೆ. ವಿಚಿತ್ರ ಅಂದರೆ ಫೋನಿನಲ್ಲಿ ಇಂಗ್ಲಿಷ್ ರೈಮ್ಸ್ ಹಾಕಿದರೆ ಒನ್, ಟೂ, ತ್ರೀ ಅಂತ ಹತ್ತರವರೆಗೆ ಜೊತೆಗೇ ಹೇಳುತ್ತಾನೆ. ಫೋನ್ ಇಲ್ಲದೆ ಊಟ ಇಳಿಯುವುದಿಲ್ಲ. ಟಿವಿ ನೋಡುವಾಗ ಕರೆದರೆ ತಿರುಗುವುದೇ ಇಲ್ಲ. ಈ ಚಳಿಗಾಲವಿಡೀ ನೆಗಡಿ, ಮೂಗು ಕಟ್ಟುವುದು ಇತ್ತು. ನಾವು ಬೆಂಗಳೂರಿನಲ್ಲಿದ್ದೇವೆ. ನನಗೆ ಮನೆಯಿಂದಲೇ ಕೆಲಸ. ಅತ್ತೆ ಪುತ್ತೂರಿನವರು, ಮೊಮ್ಮಗನ ಜೊತೆ ತುಳು ಮಾತಾಡುತ್ತಾರೆ. ನಾನು ಕನ್ನಡ. ಮಗುವನ್ನು ನೋಡಿಕೊಳ್ಳಲು ಬರುವ ದೀದಿ ಹಿಂದಿ. ಪ್ಲೇ ಹೋಮ್‌ನವರು 'ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ, ಮಗುವಿಗೆ ಗೊಂದಲ ಆಗ್ತಿದೆ' ಅಂದರು. ಗಂಡ 'ನಾನೂ ಮೂರು ವರ್ಷಕ್ಕೇ ಮಾತಾಡಿದ್ದು, ಬಿಡು' ಅನ್ನುತ್ತಾರೆ. ಅತ್ತೆ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ, ಸೌತಡ್ಕ ಗಣಪತಿಗೆ ಗಂಟೆಯ ಹರಕೆ ಹೊತ್ತಿದ್ದಾರೆ. ನಾದಿನಿಯ ಮಗಳು ಇವನಿಗಿಂತ ಎರಡು ತಿಂಗಳು ಚಿಕ್ಕವಳು, ಪಟಪಟ ಮಾತಾಡುತ್ತಾಳೆ. ರಾತ್ರಿ ರೀಲ್ಸ್ ನೋಡಿ ನೋಡಿ ಇದು ಆಟಿಸಂ ಇರಬಹುದಾ ಅಂತ ನಿದ್ದೆ ಹೋಗಿದೆ. ಕಾಯಬೇಕಾ, ತೋರಿಸಬೇಕಾ? ನಾನು ಕೆಲಸ ಬಿಡಬೇಕಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಾಯಬೇಕಾ, ತೋರಿಸಬೇಕಾ ಅಂತ ಕೇಳಿದ್ದೀರಿ. ಅದರ ಹಿಂದೆ ಇನ್ನೊಂದು ಪ್ರಶ್ನೆ ಇದೆ, ನೀವು ಅದನ್ನು ಬರೆದಿಲ್ಲ: ತಪ್ಪು ನನ್ನದಾ? ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಅಲ್ಲ. ವಾಕ್-ಶ್ರವಣ ತಜ್ಞೆಯಾಗಿ ನಾನು ನೋಡಿದ ಮಕ್ಕಳಲ್ಲಿ ತಾಯಿ ಮನೆಯಲ್ಲೇ ಇದ್ದವರೂ ಇದ್ದರು, ಬೆಳಿಗ್ಗೆ ಎಂಟಕ್ಕೆ ಬಸ್ ಹತ್ತುವವರೂ ಇದ್ದರು. ಮಾತು ತಡವಾದ ಮಕ್ಕಳು ಎರಡೂ ಕಡೆ ಇದ್ದರು.

ಈಗ ವಿಷಯಕ್ಕೆ ಬರೋಣ. 22 ತಿಂಗಳಿಗೆ ನಾಲ್ಕು ಪದ ಕಡಿಮೆಯೇ. ಇದನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಒಂದೂವರೆ ವರ್ಷಕ್ಕೆ ಅಪ್ಪ, ಅಮ್ಮ ಬಿಟ್ಟು ಕನಿಷ್ಠ ಮೂರು ಪದ, ಎರಡು ವರ್ಷಕ್ಕೆ ಎರಡು ಪದ ಸೇರಿಸಿ 'ಹಾಲು ಬೇಕು', 'ಅಜ್ಜಿ ಬಾ' ಅನ್ನುವುದು ಸಾಮಾನ್ಯ. ಎರಡು ವರ್ಷಕ್ಕೆ 50 ಪದ ಎಂಬ ಹಳೆಯ ಲೆಕ್ಕವೊಂದಿದೆ. 2022ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ, ಯಾವ ವಯಸ್ಸಿಗೆ ಮಗು ಏನು ಮಾಡಬೇಕು ಅನ್ನುವ ತನ್ನ ಪಟ್ಟಿ ಬದಲಿಸಿತು, ಆಗ ಆ 50 ಪದ ಎರಡೂವರೆ ವರ್ಷಕ್ಕೆ ಹೋಯಿತು. ಅವರು ಹೇಳಿದ ಕಾರಣ ಇಷ್ಟೇ: ನೂರಕ್ಕೆ 75 ಮಕ್ಕಳು ಮಾಡುವುದನ್ನು ಮಾತ್ರ ಪಟ್ಟಿಯಲ್ಲಿಡೋಣ. ಆಗ ಅದನ್ನು ತಲುಪದ ಮಗುವನ್ನು 'ಇನ್ನೂ ಸ್ವಲ್ಪ ಕಾಯಿರಿ' ಅನ್ನದೆ ತಪಾಸಣೆಗೆ ಕಳಿಸಬಹುದು. ನಮ್ಮ ವೃತ್ತಿಯ ಹಲವರಿಗೆ ಈ ಬದಲಾವಣೆ ಇಷ್ಟವಾಗಲಿಲ್ಲ. ನನಗೂ ಅಷ್ಟೇ. ಆದರೆ ಯಾವ ಪಟ್ಟಿ ಹಿಡಿದರೂ ನಿಮ್ಮ ಮಗ ತೋರಿಸಬೇಕಾದ ಗುಂಪಿನಲ್ಲೇ ಬರುತ್ತಾನೆ.

ಹೀಗೆ ಅಂದ ಕೂಡಲೇ ಎದೆ ಧಸಕ್ ಅನ್ನಬೇಕಿಲ್ಲ. ಎರಡು ವರ್ಷದ ಮಕ್ಕಳಲ್ಲಿ ಸುಮಾರು ನೂರಕ್ಕೆ 10ರಿಂದ 15 ಮಂದಿ ಹೀಗೆ ಮಾತು ತಡವಾದವರು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಶಾಲೆಗೆ ಸೇರುವ ಹೊತ್ತಿಗೆ ಉಳಿದವರ ಸಮಕ್ಕೆ ಬರುತ್ತಾರೆ. ತೊಂದರೆ ಏನೆಂದರೆ, ತಾನಾಗೇ ಸರಿಹೋಗುವ ಮಗು ಯಾವುದು, ಹೋಗದ ಮಗು ಯಾವುದು ಅಂತ 22 ತಿಂಗಳಿಗೆ ಯಾರೂ ಎದೆ ತಟ್ಟಿ ಹೇಳಲಾರರು. ನಿಮ್ಮ ಮನೆಯವರು ಮೂರು ವರ್ಷಕ್ಕೆ ಮಾತಾಡಿದ್ದು ನಿಜವೇ ಇರಬಹುದು. ಮಾತು ತಡವಾಗುವುದು ಕೆಲವು ವಂಶಗಳಲ್ಲಿ ಇದೆ. ಆದರೆ ಅದು ಮಗನಿಗೂ ಹಾಗೆ ಆಗುವ ಸಾಧ್ಯತೆ ಇದೆ ಅನ್ನುವುದಕ್ಕೆ ಸುಳಿವು, 'ಏನೂ ಇಲ್ಲ' ಅನ್ನುವುದಕ್ಕೆ ಸರ್ಟಿಫಿಕೇಟ್ ಅಲ್ಲ. ಗಂಡು ಮಕ್ಕಳಿಗೆ ಮಾತು ತಡ ಅನ್ನುವುದೂ ಅಷ್ಟೇ. ಹುಡುಗಿಯರಿಗಿಂತ ಹುಡುಗರು ಒಂದೆರಡು ತಿಂಗಳು ಹಿಂದಿರಬಹುದು. ಒಂದು ವರ್ಷ ಹಿಂದಿರುವುದಕ್ಕೆ ಅದು ಉತ್ತರವಾಗುವುದಿಲ್ಲ. ಇನ್ನು ನಾದಿನಿಯ ಮಗಳನ್ನು ಲೆಕ್ಕದಿಂದ ಬಿಟ್ಟುಬಿಡಿ. ಪ್ರತಿ ಕುಟುಂಬದಲ್ಲೂ ಹೀಗೆ ಒಬ್ಬಳು ಪಟಪಟ ಮಾತಿನವಳು ಇದ್ದೇ ಇರುತ್ತಾಳೆ.

ಪದ ಎಣಿಸುವಾಗ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ನೀವು ಕನ್ನಡದ ಪದ ಮಾತ್ರ ಎಣಿಸಿದ್ದೀರಿ ಅಂತ ನನ್ನ ಅನುಮಾನ. ಅತ್ತೆಯವರನ್ನು ಕೂರಿಸಿಕೊಂಡು ಕೇಳಿ. ಬೆಕ್ಕು ಕಂಡಾಗ 'ಪುಚ್ಚೆ' ಅನ್ನಲು ನೋಡುತ್ತಾನಾ? ಕಾಗೆಗೆ 'ಕಕ್ಕೆ' ಅನ್ನುತ್ತಾನಾ? ದೀದಿಯ ಹತ್ತಿರ 'ಪಾನಿ' ಅಂದಿದ್ದಾನಾ? ಎಲ್ಲ ಭಾಷೆಯದೂ ಲೆಕ್ಕಕ್ಕೆ ಬರುತ್ತದೆ. 'ಮಮ್ಮು', 'ತಾಚಿ', 'ಅಂಬಾ' ಕೂಡ ಪದಗಳೇ. 'ಹಾಲು' ಅನ್ನುವುದನ್ನು ಪ್ರತಿ ಸಲವೂ 'ಆಲು' ಅಂದರೆ ಅದೂ ಪದವೇ. ಉಚ್ಚಾರ ಸರಿ ಇರಬೇಕಾಗಿಲ್ಲ. ಒಂದೇ ವಸ್ತುವಿಗೆ ಒಂದೇ ಸದ್ದು, ಬೇಕೆಂದೇ ಬಳಸಿದರೆ ಸಾಕು. ಆದರೆ ರೈಮ್ಸ್ ಜೊತೆ ಬರುವ ಒನ್ ಟೂ ತ್ರೀ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದು ಹಾಡಿನ ರಾಗ. ಎರಡು ಬಿಸ್ಕತ್ತು ಬೇಕು ಅಂತ ಅವನು 'ಟೂ' ಅಂದ ದಿನ ಎಣಿಸಿಕೊಳ್ಳಿ. ಅಕ್ಷರಮಾಲೆ ಹಾಡುವ, ಬಾಯಾರಿದರೆ ಮಾತ್ರ ಅಳುವ ಮಕ್ಕಳು ಈಗ ನಮ್ಮ ಹತ್ತಿರ ಬಹಳ ಬರುತ್ತಾರೆ. ಮಾತು ಅನ್ನುವುದು ಇನ್ನೊಬ್ಬರಿಂದ ಏನನ್ನೋ ಪಡೆಯಲು, ಇನ್ನೊಬ್ಬರಿಗೆ ಏನನ್ನೋ ತೋರಿಸಲು ಇರುವುದು. ಅದಕ್ಕೇ ನಾನು ಮೊದಲು ಪದ ಎಣಿಸುವುದಿಲ್ಲ. ಪದ ಇಲ್ಲದೇ ಮಗು ಹೇಗೆ ಸಂಸಾರ ನಡೆಸುತ್ತಿದೆ ಅಂತ ನೋಡುತ್ತೇನೆ.

ನೀವೂ ನೋಡಬಹುದು. ಬೆರಳು ಗಮನಿಸಿ. ಎರಡು ಥರದ ಬೆರಳು ಇರುತ್ತದೆ. ಕಪಾಟಿನ ಮೇಲಿನ ಬಿಸ್ಕತ್ ಡಬ್ಬ ತೋರಿಸಿ 'ಉಂ ಉಂ' ಅಂದರೆ ಅದು ಬೇಡಿಕೆಯ ಬೆರಳು. ಆಕಾಶದಲ್ಲಿ ವಿಮಾನ ಹೋದಾಗ ಬೆರಳು ಚಾಚಿ, ತಿರುಗಿ ನಿಮ್ಮ ಮುಖ ನೋಡಿ, 'ನೋಡಿದ್ಯಾ' ಅಂತ ಕಣ್ಣಲ್ಲೇ ಕೇಳಿದರೆ ಅದು ಹಂಚಿಕೊಳ್ಳುವ ಬೆರಳು. ಎರಡನೆಯದು ನನಗೆ ಹತ್ತು ಪದಕ್ಕಿಂತ ಮುಖ್ಯ. ಕೈ ಹಿಡಿದು ಎಳೆದುಕೊಂಡು ಹೋಗುವುದರಲ್ಲೂ ಎರಡು ಬಗೆ. ಎಳೆಯುವಾಗ ನಿಮ್ಮ ಮುಖ ನೋಡುತ್ತಾನಾ? ಫಿಲ್ಟರ್, ನೀವು, ಮತ್ತೆ ಫಿಲ್ಟರ್ ಅಂತ ಕಣ್ಣು ಓಡಾಡುತ್ತದಾ? ಹಾಗಿದ್ದರೆ ಅವನು ನಿಮ್ಮ ಜೊತೆ ಮಾತಾಡುತ್ತಿದ್ದಾನೆ, ಬಾಯಿ ಮಾತ್ರ ಸೇರಿಲ್ಲ. ಮುಖ ನೋಡದೆ, ನಿಮ್ಮ ಕೈಯನ್ನೇ ಒಂದು ಸೌಟಿನ ಹಾಗೆ ಹಿಡಿದು ನಲ್ಲಿಯ ಮೇಲೆ ಇಟ್ಟರೆ ಅದನ್ನು ನಾವು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇವೆ.

ಅರ್ಥವಾಗುವುದನ್ನು ಹೀಗೆ ನೋಡಿ. 'ಅಜ್ಜಿಗೆ ಚಪ್ಪಲಿ ಕೊಡು' ಅಂತ ಹೇಳಿ, ಆದರೆ ಕೈ ಕಟ್ಟಿಕೊಂಡು ಹೇಳಿ. ನಾವು ಹೇಳುವಾಗ ಗೊತ್ತಿಲ್ಲದೇ ಕೈ ತೋರಿಸುತ್ತೇವೆ, ಕಣ್ಣು ಆ ಕಡೆ ಹಾಯಿಸುತ್ತೇವೆ. ಮಗು ಕೈ ನೋಡಿ ಕೆಲಸ ಮಾಡುತ್ತದೆ. 'ಹೇಳಿದ್ದೆಲ್ಲ ಅರ್ಥ ಆಗುತ್ತೆ ಮೇಡಂ' ಅನ್ನುವ ಅರ್ಧ ಮನೆಗಳಲ್ಲಿ ಅರ್ಥವಾಗುತ್ತಿರುವುದು ಮಾತಲ್ಲ, ಸನ್ನೆ. ಆಟವನ್ನೂ ನೋಡಿ. ಖಾಲಿ ಲೋಟದಿಂದ ಗೊಂಬೆಗೆ ಕಾಫಿ ಕುಡಿಸುತ್ತಾನಾ, ಫೋನ್ ಅಂತ ರಿಮೋಟನ್ನು ಕಿವಿಗಿಟ್ಟುಕೊಳ್ಳುತ್ತಾನಾ, ಅಥವಾ ಕಾರಿನ ಚಕ್ರವನ್ನಷ್ಟೇ ತಿರುಗಿಸುತ್ತಾ ಕೂರುತ್ತಾನಾ.

ಇಲ್ಲಿಗೆ ಆಟಿಸಂ ಮಾತು ಬರುತ್ತದೆ. ಮಾತು ತಡವಾಗುವುದು ಒಂದೇ ಆದರೆ ಅದು ಆಟಿಸಂ ಅಲ್ಲ. ಮಾತಿನ ಜೊತೆಗೆ ಕಣ್ಣು, ಬೆರಳು, ಹೆಸರಿಗೆ ತಿರುಗುವುದು, ಅನುಕರಣೆ, ಸುಳ್ಳು ಸುಳ್ಳೇ ಆಡುವ ಆಟ ಇವೂ ಹಿಂದೆ ಬಿದ್ದಿದ್ದರೆ ಆ ದಿಕ್ಕಿನಲ್ಲಿ ಪರೀಕ್ಷಿಸಬೇಕು. ಟಿವಿ ಮುಂದೆ ಕರೆದರೆ ತಿರುಗುವುದಿಲ್ಲ ಅಂದಿದ್ದೀರಿ. ಟಿವಿ ಮುಂದೆ ನನ್ನ ಗಂಡನೂ ತಿರುಗುವುದಿಲ್ಲ. ಟಿವಿ ಆರಿಸಿ, ಹಿಂದಿನಿಂದ, ಮಾಮೂಲಿ ಧ್ವನಿಯಲ್ಲಿ ಹೆಸರು ಕರೆಯಿರಿ. ಐದು ಸಲದಲ್ಲಿ ನಾಲ್ಕು ಸಲ ತಿರುಗಿದರೆ ಒಳ್ಳೆಯದು. 16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿ ಇದೆ, ಮಕ್ಕಳ ಡಾಕ್ಟರ್ ಹತ್ತಿರ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಅದು ಜರಡಿ, ತೀರ್ಪಲ್ಲ. ಅದರಲ್ಲಿ ಸಿಕ್ಕಿಬಿದ್ದ ಮಕ್ಕಳಲ್ಲಿ ಎಷ್ಟೋ ಜನರಿಗೆ ಆಟಿಸಂ ಇರುವುದಿಲ್ಲ, ಬೇರೆ ಏನೋ ಸಣ್ಣ ಅಥವಾ ದೊಡ್ಡ ವಿಳಂಬ ಇರುತ್ತದೆ. ರೀಲ್ಸ್‌ನಲ್ಲಿ ಓಡಾಡುವ 'ವರ್ಚುವಲ್ ಆಟಿಸಂ' ಅನ್ನುವ ಹೆಸರು ವೈದ್ಯರ ರೋಗಪಟ್ಟಿಯಲ್ಲಿ ಇಲ್ಲ. ಫೋನ್ ಜಾಸ್ತಿ ಆದಾಗ ಮಾತು ಹಿಂದೆ ಬೀಳುತ್ತದೆ, ಮಗು ತನ್ನ ಪಾಡಿಗೆ ಇರತೊಡಗುತ್ತದೆ, ಇದು ನಾವು ದಿನಾ ನೋಡುವ ವಿಷಯ. ಆದರೆ 'ಫೋನ್ ಬಿಟ್ಟರೆ ಆಟಿಸಂ ಹೋಗುತ್ತದೆ' ಅನ್ನುವ ಮಾತನ್ನು ನಂಬಿ ಒಂದು ವರ್ಷ ಕಳೆದುಕೊಂಡ ಮನೆಗಳನ್ನೂ ನೋಡಿದ್ದೇನೆ.

ಇಷ್ಟೆಲ್ಲಕ್ಕಿಂತ ಮೊದಲು ಆಗಬೇಕಾದ್ದು ಇನ್ನೊಂದಿದೆ. ನಿಮ್ಮ ಪತ್ರದಲ್ಲಿ ಯಾರೂ ಗಮನಿಸದ ಸಾಲು ಅದು: ಚಳಿಗಾಲವಿಡೀ ನೆಗಡಿ.

ಮಾತು ಬಾಯಿಯಿಂದ ಬಂದರೂ ಶುರುವಾಗುವುದು ಕಿವಿಯಲ್ಲಿ. ಪದೇ ಪದೇ ನೆಗಡಿ, ಮೂಗು ಕಟ್ಟುವ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ಅಂಟು ನೀರು ತುಂಬಿಕೊಳ್ಳುತ್ತದೆ. ಕಿವಿನೋವು ಇರುವುದಿಲ್ಲ, ಸೋರುವುದಿಲ್ಲ, ಜ್ವರ ಇಲ್ಲ. ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಎರಡೂ ಕಿವಿಗೆ ಬೆರಳು ತುರುಕಿಕೊಂಡು ಒಂದು ಗಂಟೆ ಮನೆಯಲ್ಲಿ ಓಡಾಡಿ ನೋಡಿ. ಮಾತು ಕೇಳುತ್ತದೆ, ಆದರೆ ಮಸುಕು. ನಮಗೆ ಭಾಷೆ ಮೊದಲೇ ಗೊತ್ತಿರುವುದರಿಂದ ಬಿಟ್ಟುಹೋದ ಜಾಗ ತುಂಬಿಕೊಳ್ಳುತ್ತೇವೆ. ಇನ್ನೂ ಭಾಷೆ ಕಲಿಯುತ್ತಿರುವ ಮಗುವಿಗೆ ಅದು ಆಗುವುದಿಲ್ಲ.

'ಕಿವಿ ಚೆನ್ನಾಗಿದೆ ಮೇಡಂ, ಕುಕ್ಕರ್ ಕೂಗಿದರೆ ಓಡಿ ಬರುತ್ತಾನೆ' ಅನ್ನುತ್ತಾರೆ. ಕುಕ್ಕರ್ ಸೀಟಿ, ಬಾಗಿಲ ಬಡಿತ, ಪಟಾಕಿ ಇವೆಲ್ಲ ಬಲವಾದ ಸದ್ದು. ಮಾತಿನೊಳಗಿನ ಸ, ಫ, ತ, ಕ ಇವು ಬಹಳ ಮೆತ್ತಗೆ. ಅವೇ ಮೊದಲು ಕಳೆದುಹೋಗುವುದು. ಹರಕೆ ತೀರಿಸಲು ಸೌತಡ್ಕಕ್ಕೆ ಹೋದಾಗ ಅಷ್ಟೊಂದು ಗಂಟೆಗಳ ಸದ್ದಿಗೆ ಮಗ ತಿರುಗಿಯೇ ತಿರುಗುತ್ತಾನೆ. ಅದನ್ನು ನೋಡಿ ಕಿವಿ ಸರಿ ಇದೆ ಅಂದುಕೊಳ್ಳಬೇಡಿ. ಹುಟ್ಟಿದಾಗ ಆಸ್ಪತ್ರೆಯಲ್ಲಿ ಮಾಡಿದ ಪರೀಕ್ಷೆಯಲ್ಲಿ ಪಾಸ್ ಆಗಿದ್ದ ಅನ್ನುವುದೂ ಸಾಲದು. ಅದು ಆ ದಿನದ ಕಿವಿಯ ಮಾತು.

ಈ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ವೃತ್ತಿಯ ಮೊದಲ ವರ್ಷಗಳಲ್ಲಿ ಎರಡು ವರ್ಷದ ಒಬ್ಬ ಹುಡುಗನ ತಾಯಿಗೆ ನಾನೇ 'ಹುಡುಗ ಚುರುಕಾಗಿದ್ದಾನೆ, ಆರು ತಿಂಗಳು ನೋಡೋಣ' ಅಂದಿದ್ದೆ. ಆಕೆ ಹಳ್ಳಿಯಿಂದ ಎರಡು ಬಸ್ ಬದಲಿಸಿ ಬಂದಿದ್ದರು. ಮತ್ತೆ ಬರಲು ಒಂದು ವರ್ಷ ಆಯಿತು. ಆಗ ಪರೀಕ್ಷೆ ಮಾಡಿದರೆ ಎರಡೂ ಕಿವಿಯಲ್ಲಿ ಮಧ್ಯಮ ಪ್ರಮಾಣದ ಶ್ರವಣದೋಷ. ಹುಡುಗ ತುಟಿ ನೋಡಿ, ಮುಖ ನೋಡಿ ಎಲ್ಲವನ್ನೂ ನಿಭಾಯಿಸುತ್ತಿದ್ದ. ಅವನ ಚುರುಕೇ ನನ್ನನ್ನು ಮೋಸ ಮಾಡಿತ್ತು. ಅಂದಿನಿಂದ ಕಿವಿ ನೋಡದೆ ಮಾತಿನ ಬಗ್ಗೆ ಬಾಯಿ ಬಿಡುವುದಿಲ್ಲ.

ಪರೀಕ್ಷೆಗೆ ಹೆದರಬೇಡಿ. ಮೊದಲು ಇಎನ್‌ಟಿ ವೈದ್ಯರು ಕಿವಿ ನೋಡುತ್ತಾರೆ. ಆಮೇಲೆ ಕಿವಿಗೆ ಪುಟ್ಟ ಬಿರಡೆ ಇಟ್ಟು ತಮಟೆ ಎಷ್ಟು ಅಲುಗಾಡುತ್ತದೆ ಅಂತ ಅಳೆಯುವ ಟಿಂಪನೋಮೆಟ್ರಿ, ಒಳಗಿವಿ ಕೆಲಸ ನೋಡುವ ಓಎಇ. ಎರಡೂ ನಿಮಿಷಗಳ ಕೆಲಸ. ಈ ವಯಸ್ಸಿಗೆ ಸದ್ದು ಬಂದ ಕಡೆ ತಿರುಗಿದರೆ ಗೊಂಬೆ ಬೆಳಗುವ ಇನ್ನೊಂದು ಪರೀಕ್ಷೆಯನ್ನೂ ಮಾಡಬಹುದು, ಮಕ್ಕಳು ಅದನ್ನು ಆಟ ಅಂದುಕೊಳ್ಳುತ್ತಾರೆ. ಇವುಗಳಲ್ಲಿ ಸ್ಪಷ್ಟವಾಗದಿದ್ದರೆ, ಸದ್ದಿಗೆ ಕಿವಿಯ ನರ ಮತ್ತು ಮಿದುಳು ಹೇಗೆ ಸ್ಪಂದಿಸುತ್ತವೆ ಅಂತ ಅಳೆಯುವ ಬೆರಾ. ಅದಕ್ಕೆ ಮಗು ನಿದ್ದೆಯಲ್ಲಿರಬೇಕು. ಮಧ್ಯಾಹ್ನದ ನಿದ್ದೆ ತಪ್ಪಿಸಿ, ಹೊಟ್ಟೆ ತುಂಬಿಸಿ ಕರೆದುಕೊಂಡು ಹೋದರೆ ಎಷ್ಟೋ ಸಲ ನಿದ್ದೆಯ ಸಿರಪ್ ಇಲ್ಲದೇ ಮುಗಿಯುತ್ತದೆ. ಅಂಟು ನೀರು ಸಿಕ್ಕರೂ ಕೂಡಲೇ ಆಪರೇಷನ್ ಅಲ್ಲ. ಹೆಚ್ಚಿನ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನೇ ಹೋಗುತ್ತದೆ. ಹೋಗದಿದ್ದರೆ ಮುಂದಿನ ಮಾತು.

ಈಗ ಮನೆಯಲ್ಲಿ ಎದ್ದಿರುವ ಉಳಿದ ವಾದಗಳು.

ಮೂರು ಭಾಷೆಯಿಂದ ಗೊಂದಲ ಆಗುತ್ತದೆ ಅನ್ನುವುದು ಸುಳ್ಳು. ದಕ್ಷಿಣ ಕನ್ನಡದ ಮನೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ಕಿವಿಗೆ ಬಿದ್ದೇ ಮಕ್ಕಳು ಬೆಳೆದಿದ್ದಾರೆ. ಎರಡು ಭಾಷೆಯ ಮಗುವಿನ ಪದಗಳು ಎರಡು ಡಬ್ಬದಲ್ಲಿ ಹಂಚಿಹೋಗಿರುತ್ತವೆ, ಒಂದು ಡಬ್ಬ ಮಾತ್ರ ತೆರೆದರೆ ಕಡಿಮೆ ಕಾಣುತ್ತದೆ. ಅಷ್ಟೇ. ಅತ್ತೆಯವರು ತುಳು ನಿಲ್ಲಿಸಬಾರದು. ಹೆಚ್ಚು ಮುದ್ದು, ಹೆಚ್ಚು ಕಥೆ, ಹೆಚ್ಚು ಬೈಗುಳ ಯಾವ ಭಾಷೆಯಲ್ಲಿ ಸರಾಗವಾಗಿ ಬರುತ್ತದೋ ಆ ಭಾಷೆಯಲ್ಲಿ ಮಗುವಿನ ಜೊತೆ ಮಾತಾಡಬೇಕು. ಮನೆಯಲ್ಲಿ ಇಂಗ್ಲಿಷ್ ಮಾತ್ರ ಅಂತ ಹೊರಟರೆ ಅಜ್ಜಿ ಬಾಯಿ ಮುಚ್ಚಿ ಕೂರಬೇಕಾಗುತ್ತದೆ, ನೀವು ಅಳೆದು ತೂಗಿ ನಾಲ್ಕು ವಾಕ್ಯ ಆಡುತ್ತೀರಿ. ಆಗ ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ. ಈ ಸಲಹೆ ಕೊಡುವ ಶಾಲೆಗಳ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಬಜೆ. ನಮ್ಮ ಅಜ್ಜಿಯೂ ಹಚ್ಚಿದ್ದರು, ಹಾಗಾಗಿ ಅತ್ತೆಯವರ ಮೇಲೆ ಕೋಪ ಬೇಡ. ಆದರೆ ಬಜೆ ಹಚ್ಚಿದರೆ ಮಾತು ಬರುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಬಜೆಯಲ್ಲಿ ಬೀಟಾ ಅಸರೋನ್ ಎಂಬ ಅಂಶವಿದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದರಿಂದ ಗೆಡ್ಡೆಗಳು ಬೆಳೆದದ್ದು ಕಂಡು 1968ರಲ್ಲೇ ಅಮೆರಿಕದಲ್ಲಿ ಅದನ್ನು ಆಹಾರಕ್ಕೆ ಸೇರಿಸುವುದನ್ನು ನಿಷೇಧಿಸಿದರು. ಜಾಸ್ತಿ ಹೊಟ್ಟೆಗೆ ಹೋದ ಮಕ್ಕಳಿಗೆ ವಾಂತಿ ಹಿಡಿಯುತ್ತದೆ. ನಿಲ್ಲಿಸುವುದೇ ಮೇಲು. ಅತ್ತೆಗೆ ನೇರ ಹೇಳಲು ಕಷ್ಟವಾದರೆ 'ಡಾಕ್ಟರ್ ಬೇಡ ಅಂದರು' ಅಂತ ನನ್ನ ಮೇಲೆ ಹಾಕಿ. ಹರಕೆ ಬಗ್ಗೆ ನನ್ನ ತಕರಾರಿಲ್ಲ. ಗಂಟೆ ಕಟ್ಟುವುದರಿಂದ ಮಗುವಿಗೆ ತೊಂದರೆಯಿಲ್ಲ, ಹರಕೆ ಹೊತ್ತಿದ್ದೇವಲ್ಲ ಅಂತ ಪರೀಕ್ಷೆ ಮುಂದೂಡಿದರೆ ಮಾತ್ರ ತೊಂದರೆ.

ನಾಲಿಗೆ ಕೆಳಗಿನ ದಾರ ಕತ್ತರಿಸಿದರೆ ಮಾತು ಬರುತ್ತದೆ ಅಂತಲೂ ಯಾರಾದರೂ ಹೇಳುವವರೇ. ದಾರ ಗಿಡ್ಡ ಇದ್ದರೆ ಹಾಲು ಕುಡಿಯಲು ಕಷ್ಟವಾಗಬಹುದು, ಮುಂದೆ ಒಂದೆರಡು ಅಕ್ಷರ ತೊದಲಬಹುದು. ಪದಗಳೇ ಬರದಿರಲು ಅದು ಕಾರಣವಲ್ಲ. 'ಅಮ್ಮ', 'ಅಪ್ಪ', 'ಬೌ ಬೌ' ಹೇಳಲು ನಾಲಿಗೆಯೇ ಬೇಡ, ತುಟಿ ಸಾಕು. ಮಿದುಳಿನ ಟಾನಿಕ್, ಕಿವಿಯಲ್ಲಿ ಎಣ್ಣೆ, ಕಾರಣವಿಲ್ಲದ ಎಂಆರ್‌ಐ, ಸ್ಟೆಮ್ ಸೆಲ್ ಜಾಹೀರಾತು ಇವುಗಳ ಹತ್ತಿರ ಹೋಗಬೇಡಿ.

ಹಾಗಾದರೆ ನಿಮ್ಮ ಮುಂದೆ ಇರುವ ದಾರಿಗಳು? ಸುಮ್ನೆ ಕಾಯುವುದು ಒಂದು. ಅದೃಷ್ಟ ಇದ್ದರೆ ಸರಿಹೋಗುತ್ತದೆ. ಇಲ್ಲದಿದ್ದರೆ ಕಲಿಕೆ ಅತಿ ವೇಗವಾಗಿ ನಡೆಯುವ ವರ್ಷ ಕೈತಪ್ಪುತ್ತದೆ, ಜೊತೆಗೆ ಹೇಳಲಾಗದ ಮಗುವಿನ ಹಟ, ಕಚ್ಚುವುದು, ತಲೆ ಚಚ್ಚಿಕೊಳ್ಳುವುದು ಶುರುವಾಗಬಹುದು. ಕಿವಿ ನೋಡಿಸದೆ ಕಾಯುವುದನ್ನು ನಾನು ಒಪ್ಪುವುದೇ ಇಲ್ಲ. ಕಿವಿ ಸರಿಯಿದ್ದು, ಬೆರಳು, ಕಣ್ಣು, ಅರ್ಥ ಎಲ್ಲ ಚೆನ್ನಾಗಿದ್ದರೆ ಮನೆಯಲ್ಲಿ ಬದಲಾವಣೆ ಮಾಡಿಕೊಂಡು ಮೂರು ತಿಂಗಳು ನೋಡಬಹುದು. ಅದು ಕಾಯುವುದಲ್ಲ, ಕಣ್ಣಿಟ್ಟು ನೋಡುವುದು. ತಾರೀಖು ಬರೆದಿಟ್ಟುಕೊಳ್ಳಿ.

ಪ್ಲೇ ಹೋಮ್‌ಗೆ ಸೇರಿಸಿದರೆ ಮಾತು ಬರುತ್ತದೆ ಅನ್ನುವವರು ಬಹಳ. ಬೆರೆಯುವುದು ಒಳ್ಳೆಯದೇ. ಆದರೆ ಹದಿನೈದು ಮಕ್ಕಳಿಗೆ ಒಬ್ಬರೇ ಮಿಸ್ ಇರುವ ಕಡೆ ಮಾತಿಲ್ಲದ ಮಗು ಮೂಲೆಯಲ್ಲಿ ತಣ್ಣಗೆ ಉಳಿದುಬಿಡುತ್ತದೆ. ಮೇಲಿಂದ ಹೊಸ ಹೊಸ ನೆಗಡಿ ಮನೆಗೆ ಬರುತ್ತದೆ, ಮತ್ತೆ ಕಿವಿ.

ಸ್ಪೀಚ್ ಥೆರಪಿ ಇನ್ನೊಂದು ದಾರಿ. ಬೇಗ ಶುರು ಮಾಡಿದರೆ ನಷ್ಟವಿಲ್ಲ. ಆದರೆ ಈ ವಯಸ್ಸಿನಲ್ಲಿ ಥೆರಪಿ ಅಂದರೆ ಮಗುವನ್ನು ಮೇಜಿನ ಮುಂದೆ ಕೂರಿಸಿ ಚಿತ್ರದ ಕಾರ್ಡ್ ತೋರಿಸುವುದಲ್ಲ. ಒಳ್ಳೆಯ ಥೆರಪಿಸ್ಟ್ ನಿಮ್ಮನ್ನು ಒಳಗೆ ಕೂರಿಸಿಕೊಳ್ಳುತ್ತಾರೆ, ನಿಮಗೆ ಕಲಿಸುತ್ತಾರೆ. ಬಾಗಿಲು ಹಾಕಿ ಮಗುವನ್ನು ಒಳಗೆ ಕರೆದುಕೊಂಡು ಹೋಗಿ, ನಿಮ್ಮನ್ನು ಹೊರಗೆ ಕೂರಿಸಿ, ಐವತ್ತು ಸಿಟ್ಟಿಂಗ್‌ನ ಪ್ಯಾಕೇಜ್ ದುಡ್ಡು ಮೊದಲೇ ಕಟ್ಟಿ ಅನ್ನುವ ಕಡೆ ಎದ್ದು ಬನ್ನಿ. ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಕೇಳಿ. ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ.

ಬೆಂಗಳೂರಿನಲ್ಲಿ ನಿಮಗೆ ಆಯ್ಕೆ ಜಾಸ್ತಿ. ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇದೆ, ನಡವಳಿಕೆ ಮತ್ತು ಆಟಿಸಂ ಪ್ರಶ್ನೆಗೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ ಇದೆ. ಒಂದೇ ಸೂರಿನಡಿ ಕಿವಿ, ಮಾತು, ಮನಶ್ಶಾಸ್ತ್ರ ಎಲ್ಲ ನೋಡಬೇಕೆಂದರೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1965ರಿಂದ ಇದೇ ಕೆಲಸ ಮಾಡುತ್ತಿದೆ. ಬೆಳಿಗ್ಗೆ ಬೇಗ ಹೋಗಿ, ಸಂಜೆಯವರೆಗೂ ಇರುವ ತಯಾರಿ ಮಾಡಿಕೊಂಡು ಹೋಗಿ, ಬುತ್ತಿ ಸಮೇತ. ಇದನ್ನು ಓದುತ್ತಿರುವ ಬೇರೆ ಊರಿನವರಿಗೆ: 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆ ಬೇಗ ನೆರವು ಕೊಡುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಮೂಲಕವೂ ಹೋಗಬಹುದು.

ಇನ್ನು ಮನೆಯಲ್ಲಿ ಇವತ್ತಿನಿಂದಲೇ ಮಾಡಬಹುದಾದದ್ದು. ಮೊದಲು ಫೋನ್. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಒಂದು ವರ್ಷದೊಳಗೆ ಪರದೆ ಬೇಡವೇ ಬೇಡ, ಎರಡು ವರ್ಷದವರೆಗೂ ಶಿಫಾರಸಿಲ್ಲ, ಆಮೇಲೆ ದಿನಕ್ಕೆ ಒಂದು ಗಂಟೆ ಮೀರಬಾರದು. ನಿಮ್ಮ ಮನೆಯಲ್ಲಿ ಊಟ ಮತ್ತು ಫೋನ್ ಗಂಟು ಬಿದ್ದಿವೆ. ಒಂದೇ ದಿನ ಕಿತ್ತರೆ ರಣರಂಗವಾಗುತ್ತದೆ, ಮೂರನೇ ದಿನ ಯಾರೋ ಒಬ್ಬರು ಸೋತು ಫೋನ್ ಕೊಡುತ್ತಾರೆ. ಸಂಜೆಯ ತಿಂಡಿಯಿಂದ ಶುರು ಮಾಡಿ, ಆ ಒಂದು ಹೊತ್ತು ಮಾತ್ರ. ನೆಲದ ಮೇಲೆ ಕೂರಿಸಿ, ಇಡ್ಲಿ ತುಂಡು ಅವನ ಕೈಗೇ ಕೊಡಿ, ಚೆಲ್ಲಲಿ. ನಾಲ್ಕೈದು ದಿನ ಕಡಿಮೆ ತಿನ್ನುತ್ತಾನೆ. ಆರೋಗ್ಯವಾಗಿರುವ ಮಗು ಹಸಿವಾದರೆ ತಿನ್ನುತ್ತದೆ. ಅದು ನೆಲೆ ನಿಂತ ಮೇಲೆ ಮುಂದಿನ ಊಟ. ಅಂದ ಹಾಗೆ, ಹಿನ್ನೆಲೆಯಲ್ಲಿ ಯಾರೂ ನೋಡದೆ ಓಡುವ ಟಿವಿಯೂ ಪರದೆಯೇ. ಅದು ಓಡುವಾಗ ದೊಡ್ಡವರು ಮಗುವಿನ ಜೊತೆ ಕಡಿಮೆ ಮಾತಾಡುತ್ತಾರೆ.

ಎರಡನೆಯದು ಪರೀಕ್ಷೆ ಮಾಡುವುದನ್ನು ನಿಲ್ಲಿಸಿ. 'ಇದೇನು? ಆನೆ ಅನ್ನು. ಅನ್ನು ಪುಟ್ಟಾ, ಅಂದ್ರೆ ಚಾಕಲೇಟ್ ಕೊಡ್ತೀನಿ.' ಮಾತು ಬಾರದ ಮಗುವಿಗೆ ಇದು ದಿನಕ್ಕೆ ಐವತ್ತು ಸಲ ಫೇಲ್ ಆಗುವ ಪರೀಕ್ಷೆ. ಕೇಳುವುದರ ಬದಲು ಹೇಳಿ. ದೋಸೆ ಹುಯ್ಯುವಾಗ 'ಚುಂಯ್ ಅಂತು. ಬಿಸಿ ದೋಸೆ. ಉಫ್ ಮಾಡು, ಉಫ್'. ಬಟ್ಟೆ ಮಡಿಸುವಾಗ 'ಅಪ್ಪನ ಶರ್ಟು, ಪುಟ್ಟನ ಚಡ್ಡಿ'. ನಮ್ಮ ಭಾಷೆಯಲ್ಲಿ ಒಂದು ಅನುಕೂಲ ಇದೆ. ಬಾ, ಕೊಡು, ಬೇಕು, ಬೇಡ, ಬಿಡು ಇವೆಲ್ಲ ಗಿಡ್ಡ ಪದಗಳು. ಬಳಸಿದ ಕೂಡಲೇ ಫಲ ಸಿಗುತ್ತದೆ. ಬಣ್ಣ, ಅಂಕಿ, ಪ್ರಾಣಿಗಳ ಹೆಸರಿಗಿಂತ ಮೊದಲು ಇವು ಬೇಕು.

ಮೂರನೆಯದೇ ಕಷ್ಟದ್ದು. ಸುಮ್ಮನಿರುವುದು. ಅವನು ಫಿಲ್ಟರ್ ಕಡೆ ಎಳೆದಾಗ ಕೂಡಲೇ ನೀರು ಕೊಡಬೇಡಿ. ಅವನ ಎತ್ತರಕ್ಕೆ ಕುಳಿತು, ಮುಖ ನೋಡಿ, ಮನಸ್ಸಲ್ಲೇ ಐದರವರೆಗೆ ಎಣಿಸಿ. ಒಂದು ನೋಟ, ಒಂದು ಸದ್ದು, 'ನೀ' ಅಂತ ಅರ್ಧ ಪದ, ಏನು ಬಂದರೂ ಸ್ವೀಕರಿಸಿ, 'ನೀರು! ನೀರು ಬೇಕು' ಅಂತ ನೀವೇ ಪೂರ್ತಿ ಮಾಡಿ ಕೊಟ್ಟುಬಿಡಿ. ಏನೂ ಬಾರದಿದ್ದರೂ ಕೊಟ್ಟುಬಿಡಿ. ಹೇಳಿದರೆ ಮಾತ್ರ ನೀರು ಅಂತ ಬಾಯಾರಿಸಿ ಅಳಿಸಬೇಡಿ. 'ಬಾಳೆಹಣ್ಣಾ, ಬಿಸ್ಕತ್ತಾ?' ಅಂತ ಎರಡೂ ಕೈಯಲ್ಲಿ ಹಿಡಿದು ಕೇಳುವುದೂ ಒಳ್ಳೆಯದು. ಅತ್ತೆಯವರು ಅವನು ಬಾಯಿ ತೆರೆಯುವ ಮೊದಲೇ ಎಲ್ಲ ತಂದು ಕೈಗಿಡುತ್ತಾರೆ ಅಂತ ನನ್ನ ಊಹೆ. ಅಜ್ಜಿಯರ ಪ್ರೀತಿಯೇ ಹಾಗೆ. ಅವರನ್ನೂ ಈ ಐದು ಎಣಿಸುವ ಆಟಕ್ಕೆ ಸೇರಿಸಿಕೊಳ್ಳಿ, ತುಳುವಿನಲ್ಲೇ ಎಣಿಸಲಿ.

ಇವುಗಳ ನಡುವೆ ಒಂದು ಲಕ್ಷಣ ಕಂಡರೆ ಮೂರು ತಿಂಗಳು, ತಾರೀಖು ಎಲ್ಲ ಬಿಟ್ಟು ಆ ವಾರವೇ ವೈದ್ಯರ ಹತ್ತಿರ ಹೋಗಿ. ಈಗಿರುವ 'ಅಜ್ಜಿ', 'ಟಾಟಾ' ಕೂಡ ನಿಂತುಹೋದರೆ, ಮಾಡುತ್ತಿದ್ದ ಸನ್ನೆಗಳು ಮರೆತುಹೋದರೆ. ಬಂದದ್ದು ಹೋಗುವುದು ಯಾವ ವಯಸ್ಸಿನಲ್ಲೂ ಸಹಜವಲ್ಲ.

ಕೆಲಸ ಬಿಡಬೇಕಾ ಅಂತ ಕೇಳಿದ್ದೀರಿ. ನನ್ನ ಉತ್ತರ ಬೇಡ ಅಂತಲೇ. ಇಡೀ ದಿನ ಮನೆಯಲ್ಲಿದ್ದು ಕೈಯಲ್ಲಿ ಲ್ಯಾಪ್‌ಟಾಪ್, ಕಣ್ಣಲ್ಲಿ ಅಪರಾಧಿ ಭಾವ ಇಟ್ಟುಕೊಂಡಿರುವುದಕ್ಕಿಂತ ಬೆಳಿಗ್ಗೆ ಸ್ನಾನದ ಹೊತ್ತು, ಸಂಜೆ ಊಟದ ಹೊತ್ತು ಪೂರ್ತಿ ಅವನ ಜೊತೆ ಇದ್ದರೆ ಸಾಕು. ಉಳಿದ ಹೊತ್ತು ತುಳು ಅಜ್ಜಿ, ಹಿಂದಿ ದೀದಿ ಇದ್ದಾರೆ. ಥೆರಪಿ ಬೇಕಾದರೆ ವಾರಕ್ಕೆ ಒಂದೆರಡು ಗಂಟೆ ರಜೆ ಕೇಳಬೇಕಾದೀತು, ಅದನ್ನು ಇಬ್ಬರೂ ಹಂಚಿಕೊಳ್ಳಿ. ಅಪ್ಪಂದಿರು ಬಂದ ಸೆಷನ್‌ಗಳಲ್ಲಿ ಮಕ್ಕಳು ಜಾಸ್ತಿ ಸದ್ದು ಮಾಡುವುದನ್ನು ನೋಡಿದ್ದೇನೆ, ಬಹುಶಃ ಅವರು ಕಡಿಮೆ ಪಾಠ ಮಾಡುತ್ತಾರೆ ಅಂತ.

ಈ ವಾರವೇ ಇಎನ್‌ಟಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಹೋಗುವಾಗ ನಿಮ್ಮ ಫೋನಿನಲ್ಲಿ ಎರಡು ಪುಟ್ಟ ವಿಡಿಯೊ ಇರಲಿ. ಒಂದರಲ್ಲಿ ಅವನು ನೀರು ಕೇಳುವುದು, ಇನ್ನೊಂದರಲ್ಲಿ ಅಜ್ಜಿ ಜೊತೆ ಆಡುವುದು. ಆಸ್ಪತ್ರೆಯಲ್ಲಿ ಮಕ್ಕಳು ಅಮ್ಮನ ಸೆರಗಿಗೆ ಅಂಟಿಕೊಂಡುಬಿಡುತ್ತಾರೆ, ನಮಗೆ ಏನೂ ಕಾಣುವುದಿಲ್ಲ. ಕಿವಿಯ ವರದಿ ಬಂದ ಮೇಲೆ ಮತ್ತೆ ಬರೆಯಿರಿ. ಜೊತೆಗೆ ತುಳು ಪದಗಳನ್ನೂ ಸೇರಿಸಿ ಎಣಿಸಿದ ಹೊಸ ಪಟ್ಟಿ ಕಳಿಸಿ.